ಟೆರೇಸ್ ಮೇಲಿನ ಶೀಟ್: ಮಳೆ ಬಂದರೆ ಪಾಠ ಬಂದ್

ಬೆಂಗಳೂರಿನ ನಂದಿನಿ ಲೇಔಟ್‌ನ ನಮ್ಮ ಮನೆ ಟೆರೇಸ್ ಮೇಲೆ 20 ಅಡಿಗೆ 12 ಅಡಿಯ ಒಂದು ರೂಮಿದೆ. ಸಂಜೆ 5ರಿಂದ 7ರವರೆಗೆ ಅಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. 2022ರ ಫೆಬ್ರವರಿಯಲ್ಲಿ ಅದರ ಚಾವಣಿಗೆ ಕಲರ್ ಕೋಟೆಡ್ ಶೀಟ್, ಅಂದರೆ ಬಣ್ಣದ ಲೇಪನವಿರುವ ಉಕ್ಕಿನ ತಗಡು, ಹಾಕಿಸಿದೆವು. ಮೂರು ಮಳೆಗಾಲ ನೋಡಿದ ಮೇಲೆ ಬರೆಯುತ್ತಿದ್ದೇನೆ.

ಅತ್ತೆಗೆ ಹೆಂಚೇ ಬೇಕಿತ್ತು. ಅವರು ತೀರ್ಥಹಳ್ಳಿ ಕಡೆಯವರು. "ಶೀಟ್ ಅಂದ್ರೆ ಗ್ಯಾರೇಜಿಗೆ ಕಣೇ" ಅಂದರು. ಹೆಂಚಿನ ಸಂದಿಯಿಂದ ಬಿಸಿ ಗಾಳಿ ಹೊರಗೆ ಹೋಗುತ್ತದೆ, ಕೆಳಗೆ ತಂಪು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದಾಗಿನಿಂದ ಜನ ಸುಮ್ನೆ ಅದನ್ನು ಹೊದಿಸಿಕೊಂಡು ಬಂದಿಲ್ಲ. ಆದರೆ ಹೆಂಚಿಗೆ ಒಳ್ಳೇ ಇಳಿಜಾರು ಬೇಕು. ನಮ್ಮಲ್ಲಿ 12 ಅಡಿಗೆ ಸಿಕ್ಕಿದ್ದು ಬರೀ ಒಂದೂವರೆ ಅಡಿ. ಅಷ್ಟರಲ್ಲಿ ಹೆಂಚು ಹಾಕಿದರೆ ಗಾಳಿ ಮಳೆಗೆ ನೀರು ಸಂದಿಯೊಳಗೆ ನುಗ್ಗುತ್ತದೆ. ಮೇಲಿಂದ ಪಕ್ಕದ ಮನೆಯ ತೆಂಗಿನ ಮರ ಬೇರೆ. ಕೊನೆಗೆ ಅತ್ತೆಯ ಸಮಾಧಾನಕ್ಕೆ ಹೆಂಚಿನ ಬಣ್ಣದ ಶೀಟ್ ಆರಿಸಿದೆವು. ತಪ್ಪು ಮಾಡಿದೆ. ಬಿಳಿ ಬಣ್ಣದ್ದು ಬಿಸಿಲನ್ನು ಜಾಸ್ತಿ ವಾಪಸ್ ಕಳಿಸುತ್ತದೆ. 2024ರ ಏಪ್ರಿಲ್‌ನಲ್ಲಿ ಬೆಂಗಳೂರು 38 ಡಿಗ್ರಿ ದಾಟಿದಾಗ ಆ ರೂಮಿನಲ್ಲಿ ಚಾಕ್ ಹಿಡಿಯಲೂ ಮನಸ್ಸಾಗುತ್ತಿರಲಿಲ್ಲ.

ಕೆಲಸ ಮಾಡಿದ ಫ್ಯಾಬ್ರಿಕೇಶನ್‌ನವರ ಹೆಸರು ಹೇಳಲ್ಲ. ಅರ್ಧ ಎಂಎಂ ಶೀಟ್ ಅಂತ ಒಪ್ಪಿಕೊಂಡಿದ್ದರು. ಎದುರು ಮನೆ ಅಂಕಲ್ ಪೀಣ್ಯದಲ್ಲಿ ಮೆಷಿನ್ ಶಾಪಿನಲ್ಲಿದ್ದು ರಿಟೈರ್ ಆದವರು. ಆಟೋದಿಂದ ಶೀಟ್ ಇಳಿಯುತ್ತಿದ್ದ ಹಾಗೇ ದಪ್ಪ ಅಳೆಯುವ ಮೈಕ್ರೋಮೀಟರ್ ಹಿಡಿದುಕೊಂಡು ಬಂದರು. ಪೇಂಟ್ ಸೇರಿಸಿ 0.38! "ಎಲ್ಲರೂ ಇದನ್ನೇ ಹಾಕೋದು ಮೇಡಂ" ಅಂತ ಅರ್ಧ ಗಂಟೆ ವಾದ. ಎರಡು ದಿನ ಬಿಟ್ಟು ಬದಲಾಯಿಸಿದರು. ಸ್ಕ್ವೇರ್ ಫೀಟ್‌ಗೆ ಎಷ್ಟು ಅಂತ ಕೇಳಿದರೆ ಸಾಲದು, ದಪ್ಪ ಎಷ್ಟು, ಅದು ಪೇಂಟ್ ಬಿಟ್ಟೋ ಸೇರಿಸಿಯೋ ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ಹುಡುಗರು ಶೀಟನ್ನು ಗ್ರೈಂಡರ್‌ನಲ್ಲಿ ಕತ್ತರಿಸಿ ಕಬ್ಬಿಣದ ಪುಡಿ ಅಲ್ಲೇ ಬಿಟ್ಟು ಹೋದರು. ಮೊದಲ ಮಳೆಗೇ ಕೆಂಪು ಚುಕ್ಕೆ. ಗ್ರೈಂಡರ್ ಬಿಸಿಗೆ ಅಂಚಿನ ಕೋಟಿಂಗ್ ಸುಟ್ಟು, ತುಕ್ಕು ಅಲ್ಲಿಂದಲೂ ಶುರುವಾಯಿತು. ಸ್ಕ್ರೂಗಳದ್ದು ಇನ್ನೊಂದು ಕತೆ. ಕೆಲವನ್ನು ಶೀಟಿನ ಉಬ್ಬಿನ ಮೇಲೆ ಹೊಡೆಯದೆ ನೀರು ಹರಿಯುವ ಹಳ್ಳಕ್ಕೇ ಹೊಡೆದಿದ್ದರು. ರಬ್ಬರ್ ವಾಷರ್ ಜಜ್ಜಿ ಹೋಗುವಷ್ಟು ಬಿಗಿ ಮಾಡಿದ್ದರು. 2022ರ ಸೆಪ್ಟೆಂಬರ್‌ನಲ್ಲಿ ಔಟರ್ ರಿಂಗ್ ರೋಡ್ ಮುಳುಗಿತ್ತಲ್ಲ, ಆಗ ನಮ್ಮ ಬೋರ್ಡಿನ ಮೇಲೂ ನೀರು ತೊಟ್ಟಿಕ್ಕುತ್ತಿತ್ತು. ಬೇರೆಯವರನ್ನು ಕರೆಸಿ ವಾಷರ್ ಬದಲಾಯಿಸಿ, ಹಳೇ ತೂತುಗಳಿಗೆ ಸೀಲೆಂಟ್ ತುಂಬಿಸಿದೆ. ಅವತ್ತಿಂದ ಒಂದು ಹನಿಯೂ ಸೋರಿಲ್ಲ. ಶೀಟಿನ ಬಣ್ಣವೂ ಹೆಚ್ಚು ಮಾಸಿಲ್ಲ.

ಸದ್ದಿನ ವಿಷಯ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರಿನ ಮಳೆ ಯಾವಾಗ ಬರುತ್ತೆ ಹೇಳಿ? ಮಧ್ಯಾಹ್ನ ಕಾದು ಸಂಜೆಗೇ ಅಲ್ವಾ? ಸರಿಯಾಗಿ ನನ್ನ ಟ್ಯೂಷನ್ ಟೈಮಿಗೆ. ಜೋರು ಮಳೆ ಬಂದರೆ ಮುಂದಿನ ಬೆಂಚಿನ ಹುಡುಗಿಗೂ ನನ್ನ ಮಾತು ಕೇಳಿಸಲ್ಲ. ಆಲಿಕಲ್ಲು ಬಿದ್ದ ದಿನ ಮಕ್ಕಳು ಕಿವಿ ಮುಚ್ಚಿಕೊಂಡು ನಗುತ್ತಾ ಕೂತಿದ್ದರು. ಬಿಸಿಲಿಗೆಂದು ಶೀಟಿನ ಕೆಳಗೆ ಬೆಳ್ಳಿ ಬಣ್ಣದ ಬಬಲ್ ಹಾಳೆ ಎಳೆಸಿದೆ. ಸೆಕೆ ಸ್ವಲ್ಪ ತಗ್ಗಿತು, ಸದ್ದು ಹಾಗೇ ಇದೆ.

ಸಾಮಾನು ಇಡಲು, ಬಟ್ಟೆ ಒಣಗಿಸಲು ಆದರೆ ಕಣ್ಣು ಮುಚ್ಚಿ ಶೀಟ್ ಹಾಕಿಸಿ. ಜನ ಕೂರುವ ರೂಮಾದರೆ ಎರಡು ಶೀಟಿನ ನಡುವೆ ಫೋಮ್ ಇರುವ ಪಫ್ ಪ್ಯಾನೆಲ್‌ಗೆ ಮೊದಲೇ ದುಡ್ಡು ಹೊಂದಿಸಿಕೊಳ್ಳಿ. ನಾನೀಗ ಕೆಳಗೆ ಗ್ಲಾಸ್ ವೂಲ್ (ಗಾಜಿನ ಎಳೆಗಳ ಹಾಸು) ತುಂಬಿಸಿ ಜಿಪ್ಸಮ್ ಸೀಲಿಂಗ್ ಹಾಕಿಸಲು ರೇಟ್ ಕೇಳುತ್ತಿದ್ದೇನೆ. ಅಲ್ಲಿಯವರೆಗೆ ಮಳೆ ಶುರುವಾದರೆ ಬೋರ್ಡ್ ಮೇಲೆ ಐದು ಲೆಕ್ಕ ಬರೆದು ಸುಮ್ನೆ ಕೂರುತ್ತೇನೆ.