ಚಾರ್ಮಾಡಿಯಲ್ಲಿ ಪೆಟ್ರೋಲ್ ಉಳಿಸಲು ಹೋಗಿ ಬ್ರೇಕ್ ಕಳೆದುಕೊಂಡೆ

ಘಾಟಿ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿ ಕಾರು ಬಿಡುವ ಅಭ್ಯಾಸ ನಿಮಗಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನನಗೂ ಇತ್ತು. ಅದರಿಂದ ಒಂದು ರೂಪಾಯಿಯೂ ಉಳಿಯಲಿಲ್ಲ. ಗ್ಯಾರೇಜಿಗೆ ಕೊಟ್ಟದ್ದು 6,850.

2024ರ ಜೂನ್‌ನಲ್ಲಿ ರಾಜ್ಯದಲ್ಲಿ ಮಾರಾಟ ತೆರಿಗೆ ಏರಿ ಪೆಟ್ರೋಲ್ ಒಂದೇ ಸಲಕ್ಕೆ ಲೀಟರಿಗೆ 3 ರೂಪಾಯಿ ಜಾಸ್ತಿ ಆಯಿತಲ್ಲ, ಅಲ್ಲಿಂದ ನನಗೆ ಮೈಲೇಜ್ ಹುಚ್ಚು ಹಿಡಿಯಿತು. ಟ್ಯಾಂಕ್ ತುಂಬಿಸಿದ ದಿನ, ಓಡಿದ ಕಿಲೋಮೀಟರ್, ಎಲ್ಲ ಒಂದು ಪುಟ್ಟ ಡೈರಿಯಲ್ಲಿ ಬರೆಯುತ್ತಿದ್ದೆ. ಹೆಂಡತಿ ನಗುತ್ತಿದ್ದಳು.

ಆ ಡಿಸೆಂಬರ್‌ನಲ್ಲಿ ಚಿಕ್ಕಮಗಳೂರಿನಿಂದ ಧರ್ಮಸ್ಥಳಕ್ಕೆ ಹೊರಟೆವು. ನಾನು, ಹೆಂಡತಿ, ಅಕ್ಕ, ಭಾವ. ಡಿಕ್ಕಿ ತುಂಬ ಲಗೇಜು. ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು ಕಾರು ಹತ್ತಿದಾಗ ಭಾವ ಹೇಳಿದರು, "ಇನ್ನು ಘಾಟಿ ಮುಗಿಯೋವರೆಗೂ ಇಳಿಜಾರೇ ಮಾರಾಯ. ನ್ಯೂಟ್ರಲ್‌ಗೆ ಹಾಕಿಬಿಡು. ತಾನಾಗೇ ಹೋಗುತ್ತೆ." ಭಾವ ಇಪ್ಪತ್ತು ವರ್ಷ ಹಳೇ ಮಾರುತಿ 800 ಓಡಿಸಿದವರು. ಅವರ ಮಾತಿಗೆ ನಮ್ಮ ಮನೆಯಲ್ಲಿ ಎದುರಾಡುವವರಿಲ್ಲ. ನನಗಂತೂ ಕೇಳಿ ಖುಷಿಯೇ ಆಯಿತು, ಡೈರಿ ಇತ್ತಲ್ವಾ!

ಮಲಯಮಾರುತ ದಾಟಿದ ಮೇಲೆ ನ್ಯೂಟ್ರಲ್‌ನಲ್ಲೇ ಇಳಿದೆ. ಒಂದು ಕಡೆ ರಸ್ತೆ ನೇರವಾಗಿ ಕಂಡಿತೆಂದು ಎಂಜಿನ್ನನ್ನೂ ಆಫ್ ಮಾಡಿದೆ. ಈಗ ನೆನೆದರೆ ಮೈ ನಡುಗುತ್ತದೆ. ಮುಂದಿನ ತಿರುವಿಗೆ ಬರುವಷ್ಟರಲ್ಲಿ ಸ್ಟಿಯರಿಂಗ್ ಕಲ್ಲಿನ ಹಾಗೆ ಗಟ್ಟಿ. ಎರಡೂ ಕೈಯಲ್ಲಿ ಎಳೆದು ತಿರುಗಿಸಿದೆ. ಎಂಜಿನ್ ನಿಂತರೆ ಪವರ್ ಸ್ಟಿಯರಿಂಗ್‌ನ ನೆರವು ಹೋಗುತ್ತದೆ, ಬ್ರೇಕ್ ತುಳಿಯುವುದನ್ನು ಹಗುರ ಮಾಡುವ ಬೂಸ್ಟರ್‌ಗೆ ಗಾಳಿಯ ಎಳೆತವೂ ಸಿಗುವುದಿಲ್ಲ. ಎರಡು ಮೂರು ಸಲ ಒತ್ತುವವರೆಗೆ ಪೆಡಲ್ ಮೆತ್ತಗಿರುತ್ತದೆ, ಆಮೇಲೆ ತುಂಬ ಬಲ ಹಾಕಿ ತುಳಿಯಬೇಕು. ಕೀ ಇನ್ನೂ ಹಿಂದಕ್ಕೆ ತಿರುಗಿ ಹೊರಗೇ ಬಂದಿದ್ದರೆ ಸ್ಟಿಯರಿಂಗ್ ಲಾಕ್ ಕೂಡ ಬೀಳುತ್ತಿತ್ತು. ಗಾಬರಿಯಾಗಿ ಮತ್ತೆ ಸ್ಟಾರ್ಟ್ ಮಾಡಿದೆ. ಆದರೂ ಬುದ್ಧಿ ಬರಲಿಲ್ಲ. ಗೇರ್ ಮಾತ್ರ ನ್ಯೂಟ್ರಲ್‌ನಲ್ಲೇ ಉಳಿಯಿತು.

ಹೇರ್‌ಪಿನ್ ತಿರುವುಗಳು ಶುರುವಾದವು. ಪ್ರತಿ ತಿರುವಿಗೂ ಬ್ರೇಕ್, ನಡುವೆಯೂ ಬ್ರೇಕ್. ಮೊದಲು ಸುಟ್ಟ ವಾಸನೆ ಬಂತು. "ಯಾವುದೋ ಲಾರಿಯದ್ದು" ಎಂದರು ಭಾವ. ಮುಂದೆ ಲಾರಿಯೇ ಇರಲಿಲ್ಲ. ಆಮೇಲೆ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಯಿತು. ಅದರ ಮುಂದಿನ ತಿರುವಿನಲ್ಲಿ ಪೆಡಲ್ ನೆಲಕ್ಕೆ ಹೋಯಿತು, ಕಾರು ನಿಲ್ಲಲಿಲ್ಲ.

ಹಿಂದಿನಿಂದ ಅಕ್ಕ "ಮಂಜುನಾಥಾ" ಎಂದು ಕೂಗಿದ್ದು ಮಾತ್ರ ನೆನಪಿದೆ. ಪೆಡಲನ್ನು ಪಟಪಟ ಒತ್ತುತ್ತಾ ಮೂರನೇ ಗೇರ್ ಹಾಕಿದೆ, ಆಮೇಲೆ ಎರಡನೆಯದು. ಎಂಜಿನ್ ಕಿರುಚಿತು, ಕಾರು ಯಾರೋ ಹಿಂದಕ್ಕೆ ಎಳೆದ ಹಾಗೆ ನಿಧಾನವಾಯಿತು. ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆದು ಗುಡ್ಡದ ಬದಿಯ ಮಣ್ಣಿಗೆ ಇಳಿಸಿ ನಿಲ್ಲಿಸಿದೆ. ಆ ಹೊತ್ತಿಗೆ ಎದುರಿನಿಂದ ಬಸ್ ಬರಲಿಲ್ಲ, ಅಷ್ಟೇ.

ಮುಂದಿನ ಚಕ್ರಗಳಿಂದ ಹೊಗೆ ಬರುತ್ತಿತ್ತು. ಭಾವ ನೀರಿನ ಬಾಟಲಿ ಹಿಡಿದು ಹೊರಟರು. ಮೇಲೆ ಹತ್ತುತ್ತಿದ್ದ ಲಾರಿಯೊಂದು ನಿಂತಿತು. ಡ್ರೈವರ್ ಕೂಗಿದ, "ನೀರು ಹಾಕ್ಬೇಡಿ ಸಾರ್, ಡಿಸ್ಕ್ ಸೀಳಿಬಿಡ್ತದೆ! ಅರ್ಧ ಗಂಟೆ ಸುಮ್ನೆ ಬಿಡಿ." ನ್ಯೂಟ್ರಲ್ ಕಥೆ ಕೇಳಿ ಹಣೆ ಚಚ್ಚಿಕೊಂಡ. "ಯಾವ ಗೇರಲ್ಲಿ ಹತ್ತುತ್ತೀರೋ ಅದೇ ಗೇರಲ್ಲಿ ಇಳೀಬೇಕು ಸಾರ್. ನಮಗೆ ಕ್ಲೀನರ್ ಆಗಿದ್ದಾಗಲೇ ಹೇಳಿಕೊಟ್ಟಿದ್ದು." ಅರ್ಧ ಗಂಟೆಯ ಮೇಲೆ ಪೆಡಲ್ ಸ್ವಲ್ಪ ಗಟ್ಟಿಯಾಯಿತು. ಉಳಿದ ದಾರಿಯನ್ನು ಮೊದಲನೇ, ಎರಡನೇ ಗೇರಿನಲ್ಲಿ ತೆವಳಿಕೊಂಡು ಇಳಿದೆವು.

ಉಜಿರೆಯ ಗ್ಯಾರೇಜಿನವರು ಚಕ್ರ ಬಿಚ್ಚಿ ತೋರಿಸಿದರು. ಬ್ರೇಕ್ ಪ್ಯಾಡ್ ಗಾಜಿನ ಹಾಗೆ ನುಣ್ಣಗಾಗಿತ್ತು, ಡಿಸ್ಕ್ ನೀಲಿ ತಿರುಗಿತ್ತು. ಬ್ರೇಕ್ ಆಯಿಲ್ ಕಷಾಯದ ಬಣ್ಣ. ನಾಲ್ಕು ವರ್ಷದಿಂದ ಅದನ್ನು ಬದಲಿಸಿಯೇ ಇರಲಿಲ್ಲ. ಈ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ತೇವ ಸೇರಿದ ಹಾಗೆಲ್ಲ ಅದು 155ರ ಕಡೆಗೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಗುಳ್ಳೆ ಬರುತ್ತದೆ. ನಾನು ತುಳಿದದ್ದು ಬ್ರೇಕನ್ನಲ್ಲ, ಆ ಗುಳ್ಳೆಗಳನ್ನು.

ನನಗೆ ಜಾಸ್ತಿ ಹೊಟ್ಟೆ ಉರಿದದ್ದು ಆಮೇಲೆ ಅವರು ಹೇಳಿದ ಮಾತಿಗೆ. ಇಂಜೆಕ್ಷನ್, ಅಂದರೆ ಪೆಟ್ರೋಲನ್ನು ಅಳೆದು ಎಂಜಿನ್ನಿಗೆ ಚಿಮ್ಮಿಸುವ ವ್ಯವಸ್ಥೆ, ಇರುವ ಕಾರಿನಲ್ಲಿ ಗೇರ್ ಹಾಕಿಕೊಂಡೇ ಆಕ್ಸಲರೇಟರ್‌ನಿಂದ ಕಾಲು ತೆಗೆದರೆ ಇಂಜೆಕ್ಟರ್ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದಂತೆ. ಎಂಜಿನ್ನನ್ನು ಚಕ್ರಗಳೇ ತಿರುಗಿಸುತ್ತಿರುತ್ತವಲ್ಲ, ಪೆಟ್ರೋಲ್ ಯಾಕೆ ಬೇಕು? ಎಂಜಿನ್ ವೇಗ ತೀರಾ ಇಳಿದಾಗ ಮಾತ್ರ ಮತ್ತೆ ಬಿಡುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ನನ್ನು ತಿರುಗಿಸುವವರು ಯಾರೂ ಇಲ್ಲ. ನಿಲ್ಲದೆ ಓಡಲು ಅದು ಪೆಟ್ರೋಲ್ ಕುಡಿಯಲೇಬೇಕು. ಭಾವನ ಹಳೇ 800ರಲ್ಲಿ ಇಂಜೆಕ್ಷನ್ ಬದಲು ಹಳೇ ಕಾಲದ ಕಾರ್ಬುರೇಟರ್ ಇತ್ತು. ಅದರಲ್ಲಿ ಗೇರಿನಲ್ಲಿ ಇಳಿದರೂ ಎಂಜಿನ್ ಪೆಟ್ರೋಲ್ ಎಳೆಯುತ್ತಿತ್ತು, ನ್ಯೂಟ್ರಲ್‌ನಲ್ಲಿ ನಾಲ್ಕು ತೊಟ್ಟು ಉಳಿಯುತ್ತಿತ್ತು. ಆ ಕಾಲದ ಬುದ್ಧಿಯನ್ನು ಈ ಕಾಲದ ಕಾರಿಗೆ ಹಾಕಿದೆ.

ಲೆಕ್ಕ ನೋಡಿ. ನನ್ನಂಥ ಸಣ್ಣ ಪೆಟ್ರೋಲ್ ಕಾರು ಸುಮ್ನೆ ನಿಂತು ಉರಿದರೆ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್. ಘಾಟಿ ಇಳಿಯಲು ಮುಕ್ಕಾಲು ಗಂಟೆ ಎಂದರೂ ನಲವತ್ತರಿಂದ ಅರವತ್ತು ರೂಪಾಯಿಯ ಪೆಟ್ರೋಲ್. ಅದೂ ನ್ಯೂಟ್ರಲ್‌ಗೆ ಹಾಕಿದ್ದರಿಂದಲೇ ಖರ್ಚಾದದ್ದು! ಕಾರು ಪೆಟ್ರೋಲ್ ಕುಡಿಯುವುದು ಹತ್ತುವಾಗ. ಇಳಿಯುವಾಗ ಉಳಿಸಲು ಏನೂ ಇರುವುದಿಲ್ಲ.

ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಮಾಡುವುದು ಬೇರೆ ಮಾತು. ಅಲ್ಲಿ ಕಾರು ನಿಂತಿರುತ್ತದೆ, ಖಂಡಿತ ಮಾಡಿ. ಟೈರಿನ ಗಾಳಿ ನೋಡಿಕೊಳ್ಳಿ, ಡಿಕ್ಕಿಯ ಬೇಡದ ಭಾರ ಇಳಿಸಿ. ಚಾರ್ಮಾಡಿ ಇರಲಿ, ಶಿರಾಡಿ ಇರಲಿ, ಆಗುಂಬೆ ಇರಲಿ, ಇಳಿಜಾರು ಶುರುವಾಗುವ ಮೊದಲೇ ಎರಡನೇ ಅಥವಾ ಮೂರನೇ ಗೇರಿಗೆ ಬನ್ನಿ. ಆಟೊಮ್ಯಾಟಿಕ್ ಕಾರಿನವರು 'ಎಲ್' ಅಥವಾ ಮ್ಯಾನುವಲ್ ಮೋಡ್ ಹಾಕಿ. ಬ್ರೇಕನ್ನು ಒತ್ತಿಕೊಂಡೇ ಇರಬೇಡಿ, ಒತ್ತಿ ಬಿಡಿ. ಸುಟ್ಟ ವಾಸನೆ ಬಂದರೆ ಅದು ನಿಮ್ಮದೇ ಎಂದುಕೊಂಡು ಜಾಗ ನೋಡಿ ನಿಲ್ಲಿಸಿ.

ಬ್ರೇಕ್ ಆಯಿಲ್ ಕೊನೆಯ ಸಲ ಯಾವಾಗ ಬದಲಿಸಿದ್ದು ಎಂದು ಸರ್ವಿಸ್ ಬಿಲ್ ತೆಗೆದು ಇವತ್ತೇ ನೋಡಿ. ಎರಡು ವರ್ಷ ದಾಟಿದ್ದರೆ ಹಾಕಿಸಿಯೇ ಘಾಟಿ ಕಡೆ ಹೊರಡಿ.