ಸಣ್ಣ ಕಾಲೇಜಿನಲ್ಲಿ ಲಿಬರಲ್ ಆರ್ಟ್ಸ್ ಪದವಿ: ನಾಲ್ಕು ವರ್ಷ ಓದಿದ ಮೇಲೆ

ಲಿಬರಲ್ ಆರ್ಟ್ಸ್ ಎಂದರೆ ಚಿತ್ರಕಲೆ, ಸಂಗೀತಗಳ ಓದು ಎಂದೇ ಅನೇಕರು ತಿಳಿಯುತ್ತಾರೆ. ಸೇರುವ ಮೊದಲು ನಾನೂ ಹೆಚ್ಚುಕಡಿಮೆ ಹಾಗೆಯೇ ತಿಳಿದಿದ್ದೆ. ಮಧ್ಯಯುಗದ ಯುರೋಪಿನಲ್ಲಿ ಈ ಹೆಸರಿನಡಿ ಕಲಿಸುತ್ತಿದ್ದ 7 ವಿದ್ಯೆಗಳಲ್ಲಿ ವ್ಯಾಕರಣ, ತರ್ಕ, ವಾಗ್ಮಿತೆಗಳದು ಒಂದು ಗುಂಪು. ಅಂಕಗಣಿತ, ರೇಖಾಗಣಿತ, ಖಗೋಳಶಾಸ್ತ್ರಗಳದು ಇನ್ನೊಂದು. ಸಂಗೀತವೇನೋ ಇತ್ತು, ಆದರೆ ಗಣಿತದ ಬಳಗದಲ್ಲಿ. ಆ ಬೆರಕೆ ಇಂದಿಗೂ ಉಳಿದಿರುವುದರಿಂದ, ಇತಿಹಾಸವನ್ನು ಮುಖ್ಯ ವಿಷಯವಾಗಿ ಆರಿಸಿಕೊಂಡ ನನಗೂ ಸಂಖ್ಯಾಶಾಸ್ತ್ರ, ಜೀವವಿಜ್ಞಾನಗಳಿಂದ ತಪ್ಪಿಸಿಕೊಳ್ಳಲಾಗಲಿಲ್ಲ.

ಸಣ್ಣ ಕಾಲೇಜಿನ ನಿಜವಾದ ಬೆಲೆ ತಿಳಿಯುವುದು ಸೆಮಿನಾರ್ ಕೊಠಡಿಯಲ್ಲಿ. ಒಂದು ಮೇಜಿನ ಸುತ್ತ ಹನ್ನೊಂದು ಮಂದಿ ಕುಳಿತಾಗ, ಓದದೆ ಬಂದವರು ಯಾರೆಂಬುದು ಹತ್ತು ನಿಮಿಷದೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಹಿಂದಿನ ಬೆಂಚು ಎಂಬುದೇ ಅಲ್ಲಿಲ್ಲ. ನನ್ನ ಮೊದಲ ಪ್ರಬಂಧದಲ್ಲಿ ‘ಎಲ್ಲರಿಗೂ ತಿಳಿದಿರುವಂತೆ’ ಎಂದು ಆರಂಭಿಸಿದ್ದ ವಾಕ್ಯದ ಪಕ್ಕ ಅಧ್ಯಾಪಕರು ಪೆನ್ಸಿಲಿನಲ್ಲಿ ‘ಯಾರಿಗೆ?’ ಎಂದಷ್ಟೇ ಬರೆದಿದ್ದರು. ಅಂಕ ಕೊಟ್ಟಿರಲಿಲ್ಲ, ತಿದ್ದಿ ತರಲು ಹೇಳಿದ್ದರು. ಆ ಪ್ರಬಂಧವನ್ನು ಮೂರು ಸಲ ಬರೆದೆ, ಮೂರು ಸಲವೂ ಅವರು ಕೊನೆಯ ಸಾಲಿನವರೆಗೆ ಓದಿದರು. ನೂರಾರು ಜನರ ತರಗತಿಯಲ್ಲಿ ಯಾವ ಅಧ್ಯಾಪಕರಿಗೂ, ಅವರೆಷ್ಟೇ ಒಳ್ಳೆಯವರಾಗಿರಲಿ, ಇಷ್ಟು ಬಿಡುವು ಸಿಗಲಾರದು.

ಕೊರತೆಗಳೂ ಕಾಲೇಜು ಸಣ್ಣದಾಗಿರುವುದರಿಂದಲೇ ಹುಟ್ಟುತ್ತವೆ. ಪ್ರವೇಶದ ಹೊತ್ತಿಗೆ ಕೈಗಿತ್ತ ಕೈಪಿಡಿಯಲ್ಲಿ ನಮ್ಮ ವಿಭಾಗದ ಹೆಸರಿನಲ್ಲಿ ಎರಡು ಪುಟಗಳಷ್ಟು ಪಠ್ಯಕ್ರಮಗಳಿದ್ದವು, ಆದರೆ ಒಂದು ಸೆಮಿಸ್ಟರಿನಲ್ಲಿ ನಡೆಯುತ್ತಿದ್ದುದು ನಾಲ್ಕೋ ಐದೋ. ಮೂರನೆಯ ವರ್ಷ ಅಧ್ಯಾಪಕರೊಬ್ಬರು ಸಂಶೋಧನಾ ರಜೆಯ ಮೇಲೆ ಹೋದಾಗ, ಅವರ ಮಾರ್ಗದರ್ಶನವನ್ನೇ ನಂಬಿ ಆರಿಸಿಕೊಂಡಿದ್ದ ಕೊನೆಯ ವರ್ಷದ ಪ್ರಬಂಧದ ವಿಷಯವನ್ನು ನಾನು ಬದಲಿಸಬೇಕಾಯಿತು. ಕಚೇರಿಯವರು ಅದನ್ನು ತಿಳಿಸಿದ್ದು ನೋಂದಣಿಯ ವಾರದಲ್ಲಿ! ಒಬ್ಬರೇ ಅಧ್ಯಾಪಕರ ಬಳಿ ನಾಲ್ಕೈದು ಪಠ್ಯಗಳನ್ನು ಓದಿದರೆ ಅವರ ದೃಷ್ಟಿಕೋನವೇ ವಿಷಯದ ದೃಷ್ಟಿಕೋನವೆಂಬ ಭ್ರಮೆಯೂ ಅಂಟಿಕೊಳ್ಳುತ್ತದೆ. ಗ್ರಂಥಾಲಯದ್ದೂ ಇದೇ ಕಥೆ.

ಉದ್ಯೋಗದ ಪ್ರಶ್ನೆಗೆ ನೇರ ಉತ್ತರವಿಲ್ಲ. ಎಂಜಿನಿಯರಿಂಗ್ ಅಥವಾ ನರ್ಸಿಂಗ್ ಪದವಿಯಂತೆ ಇದು ನಿರ್ದಿಷ್ಟ ವೃತ್ತಿಯ ಬಾಗಿಲಿಗೆ ಕೊಂಡೊಯ್ಯುವುದಿಲ್ಲ, ಓದಿದ್ದನ್ನು ಕೆಲಸ ಕೊಡುವವರಿಗೆ ವಿವರಿಸುವ ಹೊಣೆ ನಮ್ಮದೇ. ಶಿಫಾರಸು ಪತ್ರಗಳು ಮಾತ್ರ ನನ್ನನ್ನು ಬಲ್ಲವರು ಬರೆದ ಪತ್ರಗಳಂತೆಯೇ ಇದ್ದವು.

ಸೇರಬೇಕೆನ್ನುವವರು ಕೈಪಿಡಿಯನ್ನು ಪಕ್ಕಕ್ಕಿಟ್ಟು, ಹಿಂದಿನ ಎರಡು ವರ್ಷಗಳ ವೇಳಾಪಟ್ಟಿಯನ್ನು ಕೇಳಿ ಪಡೆಯಲಿ. ತಮಗೆ ಬೇಕಾದ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು ಮಂದಿ, ಮುಂದಿನ ವರ್ಷ ರಜೆಯ ಮೇಲೆ ಹೋಗುವವರು ಯಾರು ಎಂಬುದನ್ನೂ ಅಲ್ಲೇ ವಿಚಾರಿಸಲಿ.