ಪಾಯಿಂಟ್ ರೇಯಸ್ಸೋ, ಪಾಯಿಂಟ್ ಲೋಬೋಸೋ?

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ನೆಲೆಸಿರುವ ಕನ್ನಡಿಗರು ಕಡಲಂಚಿನ ಚಾರಣದೊಂದಿಗೆ ವನ್ಯಜೀವಿಗಳನ್ನೂ ನೋಡಬಯಸಿದರೆ, ಉತ್ತರದ ಪಾಯಿಂಟ್ ರೇಯಸ್ ಹಾಗೂ ದಕ್ಷಿಣದಲ್ಲಿ ಕಾರ್ಮೆಲ್ ಬಳಿಯ ಪಾಯಿಂಟ್ ಲೋಬೋಸ್ ಎರಡೂ ಯೋಗ್ಯ ತಾಣಗಳೇ. ದೀರ್ಘ ನಡಿಗೆಗೆ ರೇಯಸ್ಸೇ ಸರಿ: ಟೊಮಾಲೆಸ್ ಪಾಯಿಂಟ್‌ಗೆ ಹೋಗಿಬರಲು ಸುಮಾರು 15 ಕಿ.ಮೀ. ನಡೆಯಬೇಕು, ದಾರಿಯಲ್ಲಿ ಟೂಲಿ ಎಲ್ಕ್ ಎಂಬ ದೊಡ್ಡ ಜಿಂಕೆಗಳ ಹಿಂಡುಗಳು ಮೇಯುತ್ತಿರುತ್ತವೆ. ಚಳಿಗಾಲದಲ್ಲಿ ಚಿಮ್ನಿ ರಾಕ್ ಸಮೀಪದ ಮರಳಿನ ಮೇಲೆ ಆನೆ ಸೀಲ್ ಎಂಬ ಭಾರೀ ಕಡಲ ಪ್ರಾಣಿ‌ಗಳು ಮರಿ ಹಾಕುತ್ತವೆ. ಆದರೆ ಅಲ್ಲಿಯ ಗಾಳಿ, ಮಂಜು ವಿಪರೀತ.

ಮಕ್ಕಳು, ಹಿರಿಯರು ಜೊತೆಗಿದ್ದರೆ ನಾನು ಲೋಬೋಸನ್ನೇ ಸೂಚಿಸುತ್ತೇನೆ. ಅಲ್ಲಿಯ ಹಾದಿಗಳು ಚಿಕ್ಕವು. ಕೆಲ್ಪ್ ಪಾಚಿಯ ನಡುವೆ ಅಂಗಾತ ತೇಲುತ್ತ, ಎದೆಯ ಮೇಲಿಟ್ಟುಕೊಂಡ ಕಲ್ಲಿಗೆ ಚಿಪ್ಪನ್ನು ಕುಟ್ಟಿ ಒಡೆಯುವ ಕಡಲ ನೀರುನಾಯಿಯನ್ನು ದಡದಿಂದಲೇ ಕಾಣಬಹುದು, ದುರ್ಬೀನೊಂದಿದ್ದರೆ ಇನ್ನೂ ಚೆನ್ನ. ವಾಹನಕ್ಕೆ ಪ್ರವೇಶ ಶುಲ್ಕವಿದೆ, ನಿಲುಗಡೆಯ ಜಾಗ ಬೇಗ ತುಂಬುವುದರಿಂದ ಬೆಳಿಗ್ಗೆಯೇ ತಲುಪುವುದು ಒಳ್ಳೆಯದು.